ಮಾವಿನ ವಾಟೆ ಬೇಯಿಸಿದ ವರ್ಷ

ಹೋದ ವಾರ ನಾರಾಯಣಗುಡದ ಮಾರ್ಕೆಟ್ಟಿಗೆ ಉಪ್ಪಿನಕಾಯಿಯ ಮಾವು ತರಲು ಹೋಗಿದ್ದೆ. ನಮ್ಮ ಹೈದರಾಬಾದಿನಲ್ಲಿ ಉಪ್ಪಿನಕಾಯಿಗೆಂದು ಮಾವು ಕೊಂಡವರು ಅದನ್ನು ಇಡಿಯಾಗಿ ಮನೆಗೆ ಒಯ್ಯುವುದು ಕಡಿಮೆ. ಪಕ್ಕದಲ್ಲೇ ಮರದ ದಿಮ್ಮಿಗೆ ದೊಡ್ಡ ಕತ್ತಿ ಜೋಡಿಸಿಕೊಂಡು ಕೂತವರಿರುತ್ತಾರೆ. ಅವರು ಕಾಯನ್ನು ವಾಟೆ ಸಮೇತ ಹೋಳು ಮಾಡಿ ಕೊಡುತ್ತಾರೆ. ಗಟ್ಟಿ ಚಿಪ್ಪು ಹೋಳಿಗೆ ಅಂಟಿಕೊಂಡು ನಮ್ಮ ಚೀಲಕ್ಕೆ ಬರುತ್ತದೆ, ಚಿಪ್ಪಿನೊಳಗಿನ ಬಿಳಿ ತಿರುಳು ಅವರ ಕಾಲ ಬಳಿ ರಾಶಿ ಬೀಳುತ್ತದೆ. ಅವತ್ತು ಮಳೆಯ ನಾಲ್ಕು ಹನಿ ಆಗಷ್ಟೇ ಉದುರಿ ನಿಂತಿತ್ತು. ನೆನೆದ ಆ ರಾಶಿಯಿಂದ ಒಗರೊಗರು ವಾಸನೆ ಎದ್ದು ಬಂತು. ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಹೋಳುಗಳ ಚೀಲ ಅಲ್ಲೇ ಬಿಟ್ಟು ಹೊರಟವಳನ್ನು ಕತ್ತರಿಸುವವನೇ ಕೂಗಿ ಕರೆದ.

ನಾನು ಪಶುವೈದ್ಯೆ, ಅದರಲ್ಲೂ ಕೋಳಿಯ ಆಹಾರದ ವಿಷಯ ಹಿಡಿದು ಮುಂದೆ ಓದಿದವಳು. ಮದುವೆಯಾಗಿ ಸೇರಿದ್ದು ಹಿಮಾಯತ್‌ನಗರದ ಒಂದು ಹಳೆಯ ಮನೆಗೆ. ಕಲಬುರಗಿ ಕಡೆಯ ಲಿಂಗಾಯತ ಮನೆತನ. ಮಾವನವರು ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿ, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅತ್ತೆ ನೀಲಮ್ಮ, ಜೀಡಿಮೆಟ್ಲಾದ ಔಷಧ ಕಾರ್ಖಾನೆಗೆ ಹೋಗಿಬರುವ ನನ್ನ ಗಂಡ ಶರಣು, ನಾನು. ಹುಟ್ಟುಹಬ್ಬದ ಕೇಕಿಗೂ ಮೊಟ್ಟೆ ಬಿದ್ದಿಲ್ಲವೆಂದು ಎರಡು ಸಲ ಕೇಳಿ ಕೊಳ್ಳುವ ಮನೆ ಅದು. ಅಂಥ ಮನೆಗೆ ಕೋಳಿ ಡಾಕ್ಟರ್ ಸೊಸೆ!

ಅತ್ತೆ ಒಂದು ದಿನವೂ ನನ್ನನ್ನು ಬೈದವರಲ್ಲ. ಕೋಳಿ ಎಂಬ ಶಬ್ದವನ್ನು ಮಾತ್ರ ಬಾಯಿಂದ ಹೊರಡಿಸುತ್ತಿರಲಿಲ್ಲ. ಯಾರಾದರೂ ವಿಚಾರಿಸಿದರೆ, "ನಮ್ಮ ಸೊಸಿ ಅಗ್ರಿಕಲ್ಚರ್ ಓದಾಕತ್ತಾಳ್ರಿ" ಎಂದು ಹೇಳಿ ಚಹಾದ ವಿಷಯಕ್ಕೆ ಹೋಗುತ್ತಿದ್ದರು. ನಾನು ಕಾಲೇಜಿನಿಂದ ಬಂದವಳು ನೇರ ಬಚ್ಚಲಿಗೆ ಹೋಗಬೇಕು. ನನ್ನ ಬಟ್ಟೆಗೆ ಬೇರೆಯೇ ಒಂದು ನೀಲಿ ಬಕೆಟ್ಟು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅತ್ತೆ ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು, ಬಕೆಟ್ಟಿನ ಜೊತೆ ಏನೆಂದು ಜಗಳ ಆಡುವುದು? ಹೀಗೇ ಎರಡು ವರ್ಷ ಹೋಯಿತು.

ಆ ವರ್ಷ ಮೆಕ್ಕೆಜೋಳದ ಬೆಲೆ ಏರಿ ಕೂತಿತ್ತು. ಎಥನಾಲ್ ಕಾರ್ಖಾನೆಗಳು ಕೊಂಡು ಉಳಿದದ್ದಷ್ಟೇ ಕೋಳಿಗೆ ಎಂಬಂತಾಗಿತ್ತು. ಮಾಂಸದ ಕೋಳಿಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ. ಅದು ದುಬಾರಿಯಾದರೆ ನೂರಿನ್ನೂರು ಕೋಳಿ ಸಾಕುವವರ ಗತಿ ಏನು? ನಮ್ಮ ವಿಭಾಗದಲ್ಲಿ ಸಂಶೋಧನೆಗೆಂದು ಒಬ್ಬರು ಅಕ್ಕಿ ನುಚ್ಚು ಹಿಡಿದರು, ಒಬ್ಬರು ತೌಡು, ಒಬ್ಬರು ಹತ್ತಿಕಾಳಿನ ಹಿಂಡಿ. ನನಗೆ ಬಂದದ್ದು ಮಾವಿನ ವಾಟೆಯ ತಿರುಳು. ಅದರಲ್ಲಿ ಪಿಷ್ಟ ಇದೆ, ಒಳ್ಳೆಯ ಕೊಬ್ಬೂ ಇದೆ. ದೋಷವೆಂದರೆ ಒಗರು. ಅದನ್ನು ತೆಗೆಯದೆ ತಿನ್ನಿಸಿದರೆ ಕೋಳಿ ಬೆಳೆಯುವುದಿಲ್ಲ. ನಮ್ಮ ಗೈಡ್ ಮೇಡಂ ಮೊದಲೇ ಎಚ್ಚರಿಸಿದ್ದರು: "ಸುಮಾ, ಮಾವು ವರ್ಷಕ್ಕೊಂದೇ ಸಲ ಬರುತ್ತದೆ. ಕೆಡಿಸಿಕೊಂಡರೆ ಇನ್ನೊಂದು ವರ್ಷ ಕಾಯಬೇಕು."

ಮೇ ತಿಂಗಳಿಡೀ ನಾನು ಮಾರ್ಕೆಟ್ಟುಗಳಲ್ಲಿ ಅಲೆದೆ. ಕತ್ತರಿಸುವವರ ಕಾಲ ಬಳಿಯ ತಿರುಳನ್ನು ಚೀಲಕ್ಕೆ ತುಂಬಿಕೊಂಡು ಆಟೋದಲ್ಲಿ ಹೇರಿಕೊಂಡು ಬಂದೆ. ಕಾಲೇಜಿನಲ್ಲಿ ಹರವಲು ಜಾಗವಿಲ್ಲ. ಬೇಯಿಸುವ ಪಾತ್ರೆ ನಮ್ಮ ಮನೆಯ ಕುಕ್ಕರಿಗಿಂತ ತುಸು ದೊಡ್ಡದು ಅಷ್ಟೆ. ಗಂಡನನ್ನು ಒಪ್ಪಿಸಿ, ಅತ್ತೆಗೆ ಏನೂ ಹೇಳದೆ, ನಮ್ಮ ಮಾಳಿಗೆಯ ಮೇಲೆಯೇ ಹರವಿದೆ. ಮರುದಿನವೇ ಮಳೆ ಬಂತು. ಟಾರ್ಪಾಲು ಹಿಡಿದು ಓಡಿ ಹೋಗುವಷ್ಟರಲ್ಲಿ ಅತ್ತೆ ನನಗಿಂತ ಮೊದಲೇ ಮೆಟ್ಟಿಲು ಹತ್ತಿದ್ದರು.

"ಏನವಾ ಇವು?"

"ಮಾವಿನ ವಾಟಿ ಒಳಗಿಂದ್ರಿ ಅತ್ತಿ. ಕಾಲೇಜಿಗೆ ಬೇಕಾಗ್ಯಾವು."

"ಕಾಲೇಜಿಗೆ ಅಂದ್ರ... ಅವಕ್ಕ?"

"ಹೌದ್ರಿ. ಅವಕ್ಕ."

ಇನ್ನು ಮುಗಿಯಿತು, ಚೀಲದ ಜೊತೆ ನಾನೂ ಕೆಳಗಿಳಿಯಬೇಕು ಎಂದುಕೊಂಡೆ. ಅತ್ತೆ ಬಗ್ಗಿ ಒಂದು ತಿರುಳೆತ್ತಿ ಉಗುರಿನಿಂದ ಚಿವುಟಿ ಮೂಸಿದರು. "ಹಿಂಗ ಹಸೀದು ಹಾಕಿದ್ರ ಯಾವ ಜೀವನೂ ತಿನ್ನಾಂಗಿಲ್ಲ. ಗಂಟಲ ಹಿಡೀತೈತಿ. ಕುದಿಸಬೇಕು. ಮೂರು ನೀರು ಚೆಲ್ಲಬೇಕು."

"ನಿಮಗ ಹೆಂಗ ಗೊತ್ತರಿ?"

"ತಿಂದೀನಲ್ಲ."

ಅವರು ಸಣ್ಣವರಿದ್ದಾಗ ಒಂದು ವರ್ಷ ಮನೆಯಲ್ಲಿ ಜೋಳ ಸಾಲದೆ ಹೋಗಿತ್ತಂತೆ. ಅವರ ತಾಯಿ ವಾಟೆ ಒಡೆದು, ತಿರುಳು ಬೇಯಿಸಿ, ಒಣಗಿಸಿ ಬೀಸಿ, ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಿದ್ದರಂತೆ. ಅದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ದುಃಖವೇನೂ ಇರಲಿಲ್ಲ, ಕೆಲಸ ಬಲ್ಲವರ ಗತ್ತು ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆ ದೊಡ್ಡ ಹಂಡೇವು ತಗೊಂಡು ಬಾ" ಎಂದರು.

ಅಲ್ಲಿಂದ ಹತ್ತು ದಿನ ನಮ್ಮ ಮಾಳಿಗೆಯ ಮೇಲೆ ಮದುವೆಮನೆಯ ಸಂಭ್ರಮ. ಮೂರು ಇಟ್ಟಂಗಿ ಇಟ್ಟು ಒಲೆ ಹೂಡಿದೆವು. ನಾನು ನೀರು ಹೊರುವವಳು, ಅತ್ತೆ ಅಡುಗೆಭಟ್ಟರು. ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ಎರಡನೆಯದು ತುಸು ತಿಳಿ. ಮಳೆ ನಿಂತಾಗ ಮಾಳಿಗೆ, ಸುರಿದಾಗ ಹಾಲಿನ ಫ್ಯಾನಿನ ಕೆಳಗೆ ಒಣಗಿಸುವುದು. ಮಧ್ಯಾಹ್ನದ ಮೂರನೆಯ ನೀರಿನ ಹೊತ್ತಿಗೆ ನಾನು ಕಾಲೇಜಿಗೆ ಹೋಗಿರುತ್ತಿದ್ದೆ. ಸಂಜೆ ಬಂದು ನೋಟ್‌ಬುಕ್ ತೆರೆದು ಕೇಳುತ್ತಿದ್ದೆ, "ಇವತ್ತು ಹೆಂಗ ಮಾಡಿದ್ರಿ ಅತ್ತಿ?" ಅವರು ಬೆರಳು ಮಡಿಚಿ ಹೇಳುತ್ತಿದ್ದರು: "ಮೂರು ನೀರು ಕುದಿಸೀನಿ, ಬಸದೀನಿ, ಒಣಗಹಾಕೀನಿ." ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದುಕೊಂಡೆ. ಒಗರು ಎಷ್ಟು ಉಳಿದಿದೆಯೆಂದು ಪ್ರಯೋಗಾಲಯದಲ್ಲಿ ನೋಡಿದಾಗ ಮೇಡಂ ಹುಬ್ಬೇರಿಸಿದರು. ಇಷ್ಟು ಚೆನ್ನಾಗಿ ಒಗರು ಹೋದದ್ದನ್ನು ಅವರೂ ನೋಡಿರಲಿಲ್ಲವಂತೆ. ಅತ್ತೆಗೆ ಬಂದು ಹೇಳಿದೆ. ಸಂಜೆ ಅವರು ಪಕ್ಕದ ಮನೆಯವರಿಗೆ ಕಾಂಪೌಂಡಿನಾಚೆ ಹೇಳುವುದು ಕೇಳಿಸಿತು: "ನಮ್ಮ ಸೊಸಿ ಕೋಳಿಗೆ ಹೊಸಾ ಹಿಟ್ಟು ಮಾಡಾಕತ್ತಾಳ್ರಿ. ನಾನ ಕುದಿಸಿ ಕೊಟ್ಟೀನಿ." ಎರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಕೋಳಿ ಬಂದಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಜುಲೈಯಲ್ಲಿ ಒಂದು ದಿನದ ಮರಿಗಳು ಬಂದವು. ಊರಂಚಿನ ನಮ್ಮ ಪ್ರಯೋಗದ ಶೆಡ್ಡಿನಲ್ಲಿ ಭತ್ತದ ಹೊಟ್ಟು ಹಾಸಿ, ಬಲ್ಬಿನ ಕಾವು ಇಟ್ಟು, ಜಾಲರಿಯ ಅಂಕಣಗಳಲ್ಲಿ ಹಂಚಿದೆವು. ಒಂದು ಗುಂಪಿಗೆ ಬರೀ ಮೆಕ್ಕೆಜೋಳದ ಆಹಾರ, ಉಳಿದವಕ್ಕೆ ಮೆಕ್ಕೆಜೋಳ ಕಡಿಮೆ ಮಾಡಿ ವಾಟೆಯ ಹಿಟ್ಟು, ಒಂದಕ್ಕೆ ಸ್ವಲ್ಪ, ಒಂದಕ್ಕೆ ಹೆಚ್ಚು. ಶೆಡ್ಡು ನೋಡಿಕೊಳ್ಳುತ್ತಿದ್ದವರು ಎಲ್ಲಮ್ಮ. ಓದು ಬರಹ ಬಾರದಿದ್ದರೂ ಮರಿ ಕೂಗುವ ದನಿಯಲ್ಲೇ ಅದಕ್ಕೆ ಚಳಿಯೋ ಸೆಕೆಯೋ ಹೇಳಬಲ್ಲವರು. ದಿನಾ ಸಂಜೆ ನಾನು ಮನೆಗೆ ಬಂದರೆ, ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆಯ ಪ್ರಶ್ನೆ: "ನನ್ನವು ಹೆಂಗದಾವ? ತಿಂದಾವೇನು?" 'ನನ್ನವು' ಎಂದರೆ ವಾಟೆಯ ಹಿಟ್ಟು ತಿನ್ನುವವು. "ಬಡದು ತಿನ್ನಾಕತ್ತಾವ್ರಿ" ಎಂದರೆ ಮುಖ ಅರಳುತ್ತಿತ್ತು.

ಎರಡು ವಾರ ದಾಟಿದ ಮೇಲೆ ಕೆಟ್ಟಿತು. ಹೆಚ್ಚು ಹಿಟ್ಟು ಹಾಕಿದ ಅಂಕಣಗಳಲ್ಲಿ ಹೊಟ್ಟು ಒದ್ದೆ. ಬದಲಿಸಿದರೆ ಮರುದಿನ ಮತ್ತೆ ಒದ್ದೆ. ನೀರಿನ ಪಾತ್ರೆಗಳು ತುಂಬಿಸಿದಷ್ಟೂ ಖಾಲಿ. ಎಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು, "ಈಟಿಕಿ ಇಂತ ದೂಪ ಏಂದಮ್ಮಾ?" ಅಂದರು, ಇವಕ್ಕೆ ಇಷ್ಟು ಬಾಯಾರಿಕೆ ಏಕೆ ಎಂದು. ಆಮೇಲೆ ಕೆಲವು ಹೊಟ್ಟೆ ಊದಿಸಿಕೊಂಡು ಮೂಲೆಯಲ್ಲಿ ಏದುಸಿರು ಬಿಡತೊಡಗಿದವು. ಮೊದಲು ಎರಡು ಸತ್ತವು, ಆಮೇಲೆ ಮೂರು, ಆಮೇಲೆ ಇನ್ನಷ್ಟು. ಮೇಡಂ ಬಂದು ನೋಡಿ, ಒಗರೇ ಇರಬೇಕು, ಪರೀಕ್ಷೆಯಲ್ಲಿ ತಪ್ಪಾಗಿದೆ, ಇನ್ನೊಂದು ವಾರ ಹೀಗೇ ಆದರೆ ನಿಲ್ಲಿಸೋಣ ಎಂದರು. ಒಂದು ವರ್ಷ ನೀರು ಪಾಲಾಗುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಸತ್ತ ಮರಿಗಳನ್ನು ಒಂದೊಂದಾಗಿ ಕೊಯ್ದು ನೋಡಿದೆ, ಕಾರಣ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲಮ್ಮ ಚೀಲದಿಂದ ವಾಟೆಯ ಹಿಟ್ಟನ್ನು ಚಿಟಿಕೆಯಷ್ಟು ತೆಗೆದು ಸುಮ್ಮನೆ ನಾಲಿಗೆಗೆ ಹಾಕಿಕೊಂಡರು. ತೌಡು ಕೊಳ್ಳುವಾಗ ಮುಗ್ಗಿದೆಯೋ ಎಂದು ಅವರ ಕಡೆ ಹಾಗೇ ನೋಡುತ್ತಾರಂತೆ. ಮರುಕ್ಷಣ ಥೂ ಎಂದು ಉಗುಳಿದರು. "ಉಪ್ಪಮ್ಮಾ! ಮಸ್ತು ಉಪ್ಪುಂದಿ!"

ನಾನೂ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು. ಉಪ್ಪಿನಕಾಯಿಯ ಹೋಳಿನಷ್ಟು ಉಪ್ಪು. ಎಂ.ವಿ.ಎಸ್ಸಿ. ಓದುವ ನನಗೆ, ಪಿಎಚ್.ಡಿ. ಮಾಡಿದ ಮೇಡಮ್ಮಿಗೆ, ಒಗರು ಅಳೆದ ಯಂತ್ರಕ್ಕೆ ಹೊಳೆಯದ್ದು ಎಲ್ಲಮ್ಮನ ನಾಲಿಗೆಗೆ ಒಂದು ಚಣದಲ್ಲಿ ತಿಳಿಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ತಪ್ಪು ಮಾಡಿದವರಿಗೆ ಹೇಳುತ್ತೇವೆ. ಈ ಮರಿಗಳು ಯಾವ ತಪ್ಪೂ ಮಾಡಿರಲಿಲ್ಲ.

ಸಂಜೆ ಮನೆಯಲ್ಲಿ, ಸೊಪ್ಪು ಸೋಸುತ್ತ ಕೂತಿದ್ದ ಅತ್ತೆಯನ್ನು ಹಗುರವಾಗಿ ಕೇಳಿದೆ, "ಅತ್ತಿ, ಕಡೇ ನೀರಿಗೆ ಏನರ ಹಾಕ್ತಿದ್ರೇನು?"

"ಏನ್ ಹಾಕ್ಲಿ? ಏನೂ ಇಲ್ಲ. ಉಪ್ಪೊಂದ." ಆಮೇಲೆ ನನ್ನ ದಡ್ಡತನಕ್ಕೆ ಮರುಗಿದವರಂತೆ ಸೇರಿಸಿದರು, "ನಮ್ಮವ್ವ ಹಿಂಗ ಮಾಡ್ತಿದ್ಳು. ಉಪ್ಪು ಹಾಕಿದ್ರ ಬೂಷ್ಟ ಹಿಡ್ಯಾಂಗಿಲ್ಲ, ಬಾಯಿಗೂ ರುಚಿ. ಉಪ್ಪಿಲ್ಲದ್ದು ಯಾರ ಮುಂದ ಇಡ್ಲಿಕ್ಕೆ ಬರತೈತೇನವಾ? ಅವೂ ಜೀವಾನ ಅಲ್ಲ?"

ಅಡುಗೆ ಹೇಳಿಕೊಡುವ ಯಾರನ್ನಾದರೂ ಕೇಳಿ ನೋಡಿ. ಉಪ್ಪು ಹಾಕಿದೆ ಎಂದು ಹೇಳುವವರು ಸಿಗುವುದಿಲ್ಲ, ಹಾಕಿರುತ್ತಾರೆ ಅಷ್ಟೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತ ಅವರೇ ಕೇಳಿದರು, "ಯಾಕ? ಹೆಂಗದಾವ ನನ್ನವು?" ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗುವ ಹೆಂಗಸು. ಅವರ ಕೈಯಾರೆ ಮಾಡಿದ್ದು ತಿಂದು ಸತ್ತವು ಎಂದು ಯಾವ ಬಾಯಿಂದ ಹೇಳಲಿ? "ಆರಾಮ ಅದಾವ್ರಿ" ಎಂದೆ.

ಗಂಡನೂ ಅದನ್ನೇ ಹೇಳಿದ. "ಹೇಳಬ್ಯಾಡ ಸುಮಾ. ಅವ್ವ ತಡಕೊಳ್ಳಾಂಗಿಲ್ಲ. ಮತ್ತ ನಿನ್ನ ಕೆಲಸದ ತಂಟೆಕ್ಕ ಬರಾಂಗಿಲ್ಲ." ಅದೂ ನಿಜವೇ. ನನಗೆ ಆ ಹೆದರಿಕೆಯೇ ದೊಡ್ಡದಿತ್ತು. ಹೀಗೆ ಎಂಟು ದಿನ ಚಪ್ಪಲಿ ಬಿಡುತ್ತ ಸುಳ್ಳು ಹೇಳಿದೆ.

ಮೇಡಂ ಮಾತ್ರ ಸಿಟ್ಟಾಗಲಿಲ್ಲ. ಪರೀಕ್ಷೆಯಲ್ಲೂ ಉಪ್ಪೇ ಎಂದು ಖಾತ್ರಿಯಾದ ಮೇಲೆ ಆ ಹಿಟ್ಟನ್ನು ನಿಲ್ಲಿಸಿ, ಬೀಸದೆ ಉಳಿದಿದ್ದ ತಿರುಳನ್ನು ಬರೀ ನೀರಿನಲ್ಲಿ ನೆನೆಹಾಕಿ ಉಪ್ಪು ತೆಗೆದು, ಕಾಲೇಜಿನ ಓವನ್ನಿನಲ್ಲಿ ಒಣಗಿಸಲು ಹೇಳಿದರು. ಚಿಕ್ಕದಾಗಿ ಇನ್ನೊಂದು ಪ್ರಯೋಗಕ್ಕೆ ಸಾಕಾಗುವಷ್ಟಿತ್ತು. "ಉಪ್ಪು ಹೇಗೆ ಬಂತು ಅನ್ನೋದನ್ನೂ ಬರೆಯಬೇಕು. ನಾಳೆ ಯಾವುದೋ ಹಳ್ಳಿಯಲ್ಲಿ ಯಾರೋ ತಾಯಿ ಇದನ್ನೇ ಮಾಡುತ್ತಾಳೆ, ಅಲ್ಲವಾ?" ಎಂದರು.

ಒಂಬತ್ತನೆಯ ದಿನ ಬಿಸಿಲು ಬಿದ್ದಿತ್ತು. ಶೆಡ್ಡಿನಲ್ಲಿ ಹೊಟ್ಟು ತಿರುವುತ್ತಿದ್ದೆ. ಬಾಗಿಲಲ್ಲಿ ಆಟೋ ನಿಂತ ಸದ್ದು. ನೋಡಿದರೆ ಅತ್ತೆ! ಇಳಕಲ್ ಸೀರೆ, ಹಣೆಗೆ ವಿಭೂತಿ, ಮೂಗಿಗೆ ಸೆರಗು, ಕೈಯಲ್ಲಿ ನನ್ನ ಊಟದ ಡಬ್ಬಿ. "ಡಬ್ಬಿ ಮರತು ಬಂದಿದ್ದಿ" ಎಂದರು. ಡಬ್ಬಿ ನೆಪ, ಕಣ್ಣು ಆಗಲೇ ಅಂಕಣಗಳ ಮೇಲೆ. "ನನ್ನವು ಯಾವು?"

ನಾನು ಬಾಯಿ ತೆರೆಯುವ ಮೊದಲೇ ಎಲ್ಲಮ್ಮ, ಯಾರೋ ನೋಡಲು ಬಂದ ದೊಡ್ಡಮ್ಮ ಎಂದುಕೊಂಡು, ತೆಲುಗಿನಲ್ಲಿ ಶುರುಮಾಡಿಬಿಟ್ಟರು. ಈ ಮೂಲೆಯವು ಅಮ್ಮಾ, ಪಾಪ, ಯಾರೋ ಹಿಟ್ಟಿಗೆ ಉಪ್ಪು ಸುರಿದುಬಿಟ್ಟಿದ್ದರು, ನೀರು ಕುಡಿದು ಕುಡಿದು ಸತ್ತವು, ಉಳಿದವು ಈಗ ಪರವಾಗಿಲ್ಲ. ಅತ್ತೆಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಜಾಲರಿ ಹಿಡಿದು ನಿಂತುಬಿಟ್ಟರು. ಮೂಗಿನ ಮೇಲಿನ ಸೆರಗು ಜಾರಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಎಷ್ಟು ಹೋದವು?"

"ಹನ್ನೊಂದ್ರಿ ಅತ್ತಿ."

ನಾನು ಅತ್ತುಬಿಟ್ಟೆ. ಮರಿಗಳಿಗಲ್ಲ, ಅವರ ಮುಖ ನೋಡಿ. ಅವರು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕುಡಿಯುತ್ತಿದ್ದ ಒಂದು ಕೋಳಿಯನ್ನು ನೋಡುತ್ತ, "ಇನ್ನೊಂದು ಸಲ ಮರಿ ತರಸ್ತೀರೇನು?" ಎಂದು ಕೇಳಿದರು. ಹೌದೆಂದೆ. ಡಬ್ಬಿ ನನ್ನ ಕೈಗಿಟ್ಟು ಅದೇ ಆಟೋದಲ್ಲಿ ಹೊರಟುಹೋದರು.

ಅವತ್ತು ಸಂಜೆ ಸಾರಿಗೆ ಉಪ್ಪು ಬೀಳುವ ಮೊದಲೇ ಅತ್ತೆ ತಮ್ಮ ಪಾಲನ್ನು ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡರು. ರೊಟ್ಟಿ, ಪಲ್ಯ, ಮಜ್ಜಿಗೆ, ಎಲ್ಲ ಸಪ್ಪೆ. ಶರಣು ತಟ್ಟೆಯಿಂದ ಕೈ ತೆಗೆದು, "ಇದೇನವಾ ಹೊಸಾದು?" ಎಂದ.

"ಹೊಸಾ ಮರಿ ಬಂದು, ಚಲೋತನಾಗಿ ದೊಡ್ಡೂ ಆಗೂತನಾ ನನಗ ಉಪ್ಪು ಬ್ಯಾಡ."

"ಅಲ್ಲವ್ವಾ, ನೀ ಬೇಕಂತ ಮಾಡಿದ್ದೇನು?"

"ಬೇಕಂತ ಮಾಡಿದ್ರ ಬ್ಯಾರೆ ಇತ್ತು. ನಿಮ್ಮ ಬಿ.ಪಿ. ಡಾಕ್ಟರೂ ಹತ್ತು ವರ್ಷದಿಂದ ಇದನ್ನ ಹೇಳಾಕತ್ತಾರ. ಒಮ್ಮೆರ ಅವರ ಮಾತು ಕೇಳ್ತೀನಿ ಬಿಡು."

ನಕ್ಕೆವು, ಆದರೆ ಅದು ಸುಲಭದ್ದಾಗಿರಲಿಲ್ಲ. ಹೊಸ ಉಪ್ಪಿನಕಾಯಿ ಭರಣಿಯಲ್ಲಿ ಆಗಷ್ಟೇ ಹದಕ್ಕೆ ಬಂದಿತ್ತು. ಅತ್ತೆಗೆ ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ನಮಗೆ ಬಡಿಸಿ, ಸೌಟು ಒರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಒಳಗಿಡುತ್ತಿದ್ದರು. ಹಬ್ಬದ ದಿನವೂ ಹಾಗೇ. ಎರಡು ವಾರ ಕಳೆಯುವಷ್ಟರಲ್ಲಿ ಮುಖ ಇಳಿದಿತ್ತು. ನಾನು ಬೇಡಿಕೊಂಡೆ, ಸಿಟ್ಟು ಮಾಡಿದೆ, ಒಂದು ದಿನ ತಟ್ಟೆ ಬಿಟ್ಟು ಎದ್ದೂ ನೋಡಿದೆ. ಜಗ್ಗಲಿಲ್ಲ. ಎರಡನೆಯ ಪ್ರಯೋಗದ ಮರಿಗಳು ಬಂದ ಮೇಲೆ ಪ್ರತಿ ಸೋಮವಾರ ಶೆಡ್ಡಿಗೆ ಬಂದು, ಎಲ್ಲಮ್ಮ ತೂಕ ಮಾಡುವುದನ್ನು ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಇಬ್ಬರಿಗೂ ಭಾರೀ ಸ್ನೇಹ ಬೆಳೆಯಿತು. ಮನೆಯ ನೀಲಿ ಬಕೆಟ್ಟು ಮಾತ್ರ ಇದ್ದಲ್ಲೇ ಇತ್ತು, ಈಗ ಅದರಲ್ಲಿ ಸೋಮವಾರ ಅತ್ತೆಯ ಸೀರೆಯೂ ಬೀಳುತ್ತಿತ್ತು. ಸಂಜೆಯ ಪ್ರಶ್ನೆಗೆ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೆ. ಒಂದಕ್ಕೆ ಕಾಲು ನೋವು ಎಂದರೆ ಅದನ್ನೂ ಹೇಳುತ್ತಿದ್ದೆ.

ಆರು ವಾರ ತುಂಬಿದ ದಿನ ಕಡೆಯ ತೂಕ. ಹೆಚ್ಚು ಹಿಟ್ಟು ತಿಂದವು ಸ್ವಲ್ಪ ಹಿಂದೆ ಬಿದ್ದಿದ್ದವು. ಆದರೆ ಹತ್ತು ಪಾಲಿನಲ್ಲಿ ಒಂದು ಪಾಲು ವಾಟೆಯ ಹಿಟ್ಟು ತಿಂದವು ಮೆಕ್ಕೆಜೋಳದ ಕೋಳಿಗಳಿಗೆ ಸರಿಸಮ ನಿಂತವು. ಒಂದೂ ಸತ್ತಿರಲಿಲ್ಲ. ಮೇಡಂ ನನ್ನ ಬೆನ್ನು ತಟ್ಟಿದರು. ಮಧ್ಯಾಹ್ನ ವ್ಯಾನು ಬಂದು ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋಯಿತು.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ ಕೇಳಿದರು, "ಈಗ ಅವು ಎಲ್ಲಿ ಹೋದವು?"

ಈ ಪ್ರಶ್ನೆಯನ್ನು ಅವರು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಬೇರೆ ಫಾರಮ್ಮಿಗೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಅಂಗಡಿಗ್ರಿ ಅತ್ತಿ. ಕೊಯ್ಯಾಕ."

"ಗೊತ್ತಿತ್ತು ಬಿಡು. ನಿನ್ನ ಬಾಯಿಂದ ಕೇಳಬೇಕಿತ್ತು" ಎಂದರು. ಆಮೇಲೆ, "ಹೊಟ್ಟಿ ತುಂಬ ತಿಂದು ಹೋದುವಲ್ಲ. ಅಷ್ಟ ನಮ್ಮ ಕೈಯಾಗಿತ್ತು."

ಊಟಕ್ಕೆ ಕೂತಾಗ ನಾನೇ ಉಪ್ಪಿನ ಬಟ್ಟಲು ತಂದೆ. ತಟ್ಟೆಯ ಅಂಚಿಗೆ ಹಾಕಲು ಹೋದರೆ ಅತ್ತೆ ತಟ್ಟೆ ಸರಿಸಿ ಅಂಗೈ ಚಾಚಿದರು. ಉಪ್ಪನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡಬಾರದು, ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಹತ್ತುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನಾನು ಹಿಂಜರಿದೆ.

"ಕೈಯಾಗ ಬ್ಯಾಡ್ರಿ ಅತ್ತಿ. ಜಗಳ ಆಗತೈತಿ."

"ಎಂಟು ದಿನ ನನ್ನ ಮುಂದ ಸುಳ್ಳ ಹೇಳಿದಿ," ಅತ್ತೆ ಚಾಚಿದ ಕೈ ಹಿಂತೆಗೆಯಲಿಲ್ಲ. "ಆವಾಗ ಆಗಲಾರದ ಜಗಳ ಈಗ ಆಗತೈತೇನು? ಹಾಕು."